ಏರಿನಲ್ಲಿ ಹತ್ತುವ ದೀಪ

ಮೇ 4, ಭಾನುವಾರ

ನಮ್ಮ ಹಳೆ ಕಾರು ಸಿವ್ಚೊನ ಆಯಿಲ್ ದೀಪ ಹತ್ತಿತು. ಹೇಳಿದವಳು ಅಮ್ಮ. ಬೆಳಿಗ್ಗೆ ಫೋನ್ — ಪೀಠಿಕೆ ಇಲ್ಲ, ಕುಶಲ ಇಲ್ಲ. "ಕೆಂಪು ದೀಪ ಹತ್ತಿತು. ಎಂಜಿನ್ ಆಫ್ ಮಾಡಿದೀನಿ. ಬಾ."

ಹೋದೆ. ಬೀದಿಯ ಕೊನೆಯ ದಿಬ್ಬದ ಅರ್ಧದಲ್ಲಿ ಕಾರು ನಿಂತಿತ್ತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದಳು. ಅಪ್ಪನ ನೀಲಿ ಕೋಟು ತೊಟ್ಟು ಸೀಟಿನಲ್ಲೇ ಕೂತಿದ್ದಳು, ಎರಡೂ ಕೈ ಸ್ಟೀರಿಂಗ್ ಮೇಲೆ. ನವೆಂಬರಿನಲ್ಲಿ ಅಪ್ಪ ಹೋದ ಮೇಲೆ ಪ್ರತಿ ಭಾನುವಾರ ಅವನ ಹಾಗೇ ಆಯಿಲ್ ನೋಡಿ, ಕಾರು ಹೊರಗೆ ತೆಗೆದು ದಿಬ್ಬದವರೆಗೆ ಒಂದು ಸುತ್ತು ಓಡಿಸುತ್ತಾಳೆ. ಲೈಸೆನ್ಸ್ 1971ರದ್ದು. ಅವನಿದ್ದಾಗ ಸ್ಟೀರಿಂಗ್ ಮುಟ್ಟಿದವಳಲ್ಲ.

ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಗೇ ಇದೆ. ಎಲ್ಲೂ ಸೋರಿಲ್ಲ. ಅಮ್ಮ ಪಕ್ಕ ಬಂದು ನಿಂತಳು. ಕಡ್ಡಿಯ ಕುತ್ತಿಗೆಗೆ ಮಾರ್ಚ್ ಒಂದರಂದು ಕಟ್ಟಿದ್ದ ಮಾರ್ತೆನಿತ್ಸಾ, ವಸಂತಕ್ಕೆಂದು ಕಟ್ಟುವ ಆ ಕೆಂಪು-ಬಿಳಿ ದಾರ, ನೀನು ಬಿಚ್ಚಿದೆಯಾ ಎಂದು ಕೇಳಿದಳು. ಇಲ್ಲ ಅಂದೆ. ಹಾಗಾದರೆ ನಿನ್ನ ತಮ್ಮ ಇರಬೇಕು ಅಂದಳು. ಮಾತು ಅಲ್ಲಿಗೆ ನಿಂತಿತು.

ಕಾರನ್ನು ಹಿಮ್ಮುಖವಾಗಿ, ಎಂಜಿನ್ ಇಲ್ಲದೆ, ಶೆಡ್ಡಿಗೆ ಇಳಿಸಿದೆವು. ತಮ್ಮ ಒಗ್ನ್ಯಾನ್‌ಗೆ ಫೋನ್. ಅವನ ತೀರ್ಪು ತಕ್ಷಣ ಬಂತು: ಬೇರಿಂಗ್ ಸವೆದಿದೆ, ಆಯಿಲ್ ಪ್ರೆಶರ್ ನಿಲ್ಲುತ್ತಿಲ್ಲ, ಎಂಜಿನ್ ಮುಗಿಯಿತು.

ಅಮ್ಮ ಕೇಳಿಸಿಕೊಂಡಳು. ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ಬೆನ್ನು ಈ ಕಡೆ. "ಅವರು ಚೆನ್ನಾಗಿಟ್ಟು ಹೋದ್ರು. ಆರು ತಿಂಗಳಲ್ಲಿ ನಾನು ಹಾಳು ಮಾಡ್ದೆ."

ಮೇ 6, ಮಂಗಳವಾರ. ಗೆರ್ಗ್ಯೋವ್‌ದೆನ್

ವಸಂತದ ಹಬ್ಬ, ಊಟಕ್ಕೆ ಕುರಿಮರಿ. ಅಪ್ಪನ ಕುರ್ಚಿ ಗೋಡೆಗೆ ಸರಿಸಿತ್ತು, ಯಾರು ಸರಿಸಿದರೋ. ಒಗ್ನ್ಯಾನ್ ಊಟದ ನಡುವೆ ವಿಷಯ ತೆಗೆದ. ಗುಜರಿಯವನ ಜೊತೆ ಮಾತಾಡಿದ್ದಾನೆ. ಜೂನ್ 7, ಶನಿವಾರ, ಲಾರಿ ತರುತ್ತಾನೆ.

ಅವನದೂ ತಪ್ಪಲ್ಲ. ಹೆದರಿಕೆ ಅವನಿಗೆ. ಅಮ್ಮ ಪ್ರತಿ ವರ್ಷ ಗುಲಾಬಿ ಕಾಲಕ್ಕೆ ಶಿಪ್ಕಾ ಬೆಟ್ಟದ ಕಣಿವೆ ದಾಟಿ ಎನಿನಾಗೆ, ಗಿನಾ ಚಿಕ್ಕಮ್ಮನ ಹೊಲಕ್ಕೆ ಹೋಗುತ್ತಾಳೆ. ಈ ವರ್ಷವೂ ಹೋಗುವವಳೇ. ತಿರುವಿನಲ್ಲಿ ಎಂಜಿನ್ ಕಚ್ಚಿಕೊಂಡು ನಿಂತರೆ? ಬಸ್ಸಿದೆಯಲ್ಲ ಅಂದ.

"ಬಸ್ಸಲ್ಲಿ ನೆಂಟರು ಹೋಗ್ತಾರೆ," ಅಂದಳು ಅಮ್ಮ. "ನಾನು ಹೂ ಕೀಳೋಕೆ ಹೋಗೋದು."

ಅಪ್ಪ ಅಮ್ಮ ಮೊದಲು ಸಿಕ್ಕಿದ್ದೇ ಆ ಹೊಲದಲ್ಲಿ. ಅಮ್ಮ ಮಡಿಲಲ್ಲಿ ಗುಲಾಬಿ ತುಂಬಿಕೊಂಡು ಬರುತ್ತಿದ್ದಳಂತೆ. ಅಪ್ಪ ಕಾರ್ಖಾನೆಯ ಯುವಕರ ತಂಡದ ಜೊತೆ ಸಹಾಯಕ್ಕೆ ಬಂದು, ಹೂ ಬಿಟ್ಟು ಎಲೆ ಕೀಳುತ್ತಿದ್ದನಂತೆ. ಇದು ಪ್ರತಿ ವರ್ಷ ಊಟದಲ್ಲಿ ಬರುವ ಮಾತು. ಈ ದಿನ ಯಾರೂ ಎತ್ತಲಿಲ್ಲ.

ಊಟವಾದ ಮೇಲೆ ಅಮ್ಮ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿಕೊಂಡಳು. "ನಂದು ಜಾಸ್ತಿ, ಸಿವ್ಚೊದ್ದು ಕಮ್ಮಿ. ಇಬ್ಬರನ್ನೂ ಕೂಡಿಸಿ ಭಾಗಿಸಿದ್ರೆ ಸರಿಹೋಗತ್ತೆ." ಒಗ್ನ್ಯಾನ್ ಮಾತ್ರ ನಗಲಿಲ್ಲ.

ತೀರ್ಮಾನ: ಬೇರಿಂಗೇ ಎಂದು ಖಚಿತವಾದರೆ ಜೂನ್ 7ಕ್ಕೆ ಗುಜರಿ. ಅಮ್ಮ ಒಪ್ಪಿದಳು. ಒಪ್ಪಿದ ರೀತಿ ನನಗೆ ಹಿಡಿಸಲಿಲ್ಲ — ಶಿಕ್ಷೆ ಒಪ್ಪಿಕೊಂಡ ಹಾಗೆ. ಕಾರು ಹೋದರೆ ಗುಲಾಬಿಯೂ ಹೋಯಿತು.

ಮೇ 9, ಶುಕ್ರವಾರ

ತ್ಸಾಂಕೊ ಅಣ್ಣ ಬಂದು ನೋಡಿದರು. ಎರಡು ಮನೆ ಆಚೆ ಇರುವವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಅಪ್ಪನ ಜೊತೆ ಚದುರಂಗಕ್ಕೆ ಕೂತು ಸೋಲುತ್ತಿದ್ದವರು. ಮೊದಲು ಸುಳ್ಳು ಹೇಳುವುದು ಸ್ವಿಚ್ಚೇ ಅಂದರು. ದೀಪ ಹತ್ತಿಸುವ ಹಳೆಯ ಆಯಿಲ್ ಸ್ವಿಚ್ ಬಿಚ್ಚಿ ಹೊಸದು ಹಾಕಿದರು. ಸ್ಟಾರ್ಟ್ ಮಾಡಿದೆವು. ದೀಪ ಆರಿತು. ನಿಂತಲ್ಲೇ, ಐಡ್ಲಿಂಗ್‌ನಲ್ಲಿ, ಕಾಲು ಗಂಟೆ ಓಡಿತು. ಹತ್ತಲಿಲ್ಲ.

ಅಮ್ಮ ಪದರ ಪದರವಾಗಿ ಚೀಸ್ ಹಾಕಿ ಬಾನಿತ್ಸಾ ಬೇಯಿಸಿಟ್ಟಿದ್ದಳು. ತ್ಸಾಂಕೊ ಮೂರು ಚೂರು ತಿಂದರು. ನಾಲ್ಕನೆಯದು ಕಟ್ಟಿಸಿಕೊಂಡರು.

ಮೇ 11, ಭಾನುವಾರ

ಹತ್ತಿತು. ಮತ್ತೆ ದಿಬ್ಬದಲ್ಲಿ.

ತ್ಸಾಂಕೊ ಈಗ ಒಗ್ನ್ಯಾನ್ ಹೇಳಿದ್ದನ್ನೇ ಹೇಳುತ್ತಿದ್ದಾರೆ. ಬೇರಿಂಗ್. ಇಷ್ಟು ವಯಸ್ಸಿಗೆ ಮತ್ತೇನು ಅಂದರು.

ಅಮ್ಮ ಬಾನಿತ್ಸಾ ಮಾಡಲಿಲ್ಲ.

ಮೇ 13, ಮಂಗಳವಾರ

ಮಧ್ಯಾಹ್ನದ ಶಿಫ್ಟ್. ಪಂಪ್‌ಹೌಸ್‌ನಲ್ಲಿ ಎಲ್ಲ ಮಾಮೂಲು. ಊರಿನ ನೀರು ಸರಿಯಾಗಿ ಹೋಗುತ್ತಿದೆ. ಮೀಟರುಗಳ ಮುಂದೆ ಕೂತು ಸಿವ್ಚೊನ ನೆನಪು.

ಹನ್ನೊಂದು ವರ್ಷ ಸರದಿಯಲ್ಲಿ ಕಾದು ತಂದ ಕಾರು. ಬಣ್ಣ ಆರಿಸುವ ಹಾಗಿರಲಿಲ್ಲ. ಬೂದು ಬಂತು. ಅಜ್ಜನ ಊರಿನಲ್ಲಿ ಬೂದು ಕತ್ತೆಗಳಿಗೆಲ್ಲ ಸಿವ್ಚೊ ಎಂದೇ ಹೆಸರು. ಅಮ್ಮ ಕಾರಿಗೂ ಅದನ್ನೇ ಇಟ್ಟಳು. ಅಪ್ಪನಿಗೆ ಮೊದಮೊದಲು ಅವಮಾನವಾಯಿತು. ಆಮೇಲೆ ಅವನೇ ಹೆಚ್ಚು ಕರೆದ.

ಚಿಕ್ಕಂದಿನಲ್ಲಿ ಶಿಪ್ಕಾ ಹತ್ತುವಾಗ ನಾನು, ಒಗ್ನ್ಯಾನ್ ಹಿಂದೆ. ಕಾಲಡಿ ಖಾಲಿ ಜಾಡಿಗಳು. ಬರುವಾಗ ಗುಲಾಬಿ ಜ್ಯಾಮ್ ತುಂಬಿಕೊಂಡು ಬರಬೇಕು. ತುದಿಯಲ್ಲಿ ನಿಲ್ಲಿಸಿ ಎಮ್ಮೆ ಮೊಸರು. ಚಮಚ ನೆಟ್ಟಗೆ ನಿಲ್ಲುವ ಮೊಸರು. ಮೊಸರು ಮುಗಿದ ಮೇಲೆ ಅಪ್ಪನ ಘನಕಾರ್ಯ: ಕಾರನ್ನು ನ್ಯೂಟ್ರಲ್ಲಿಗೆ ಹಾಕಿ ಎಂಜಿನ್ ಆಫ್. ಪಕ್ಕದ ಸೀಟಿನಿಂದ ಅಮ್ಮನ ಕಣ್ಣು ಕೀಲಿ ಮೇಲಿನ ಅವನ ಕೈ ಮೇಲೆ.

"ಇಳಿಜಾರಿಗೆ ಪೆಟ್ರೋಲ್ ಸುಡೋದು ಅಂದ್ರೆ ಹಗಲಲ್ಲಿ ದೀಪ ಹಚ್ಚಿದ ಹಾಗೆ," ಅನ್ನುತ್ತಿದ್ದ. ಜಿಪುಣರ ಊರು ಗಾಬ್ರೊವೊದವನಲ್ಲವೇ. ಬಾಗಿಲು ಬೇಗ ಮುಚ್ಚಲಿ, ಬಿಸಿ ಉಳಿಯಲಿ ಎಂದು ಬೆಕ್ಕಿನ ಬಾಲ ಕತ್ತರಿಸಿದ ಊರು ನಮ್ಮದು. ಹೊರಗಿನವರು ನಮ್ಮನ್ನು ಆಡಿಕೊಳ್ಳಲು ಕಟ್ಟಿದ ಕಥೆ. ನಾವೇ ಅದನ್ನು ಹೆಚ್ಚು ಹೇಳುತ್ತೇವೆ.

ಅಲ್ಲಿಂದ ಕೆಳಗಿನವರೆಗೆ ಸದ್ದಿಲ್ಲ. ಟೈರಿನ ಸದ್ದು, ಗಾಳಿ, ಅಷ್ಟೇ. ಯಾರೂ ಮಾತಾಡುತ್ತಿರಲಿಲ್ಲ, ಮಾತಾಡಿದರೆ ಕಾರು ನಿಂತುಬಿಡುತ್ತದೆ ಎಂದು ಒಗ್ನ್ಯಾನ್ ನಂಬಿದ್ದ. ಕಣಿವೆಯ ಬುಡಕ್ಕೆ ಬರುವಾಗ ಕಿಟಕಿಯಿಂದ ಮೊದಲು ಬರುತ್ತಿದ್ದುದು ವಾಸನೆ. ಆಮೇಲೆ ಹೊಲ ಕಾಣುತ್ತಿತ್ತು.

ಬ್ರೇಕಿಗೆ ಒಳ್ಳೆಯದಲ್ಲ ಅದು. ಈಗ ಗೊತ್ತು.

ಮೇ 16, ಶುಕ್ರವಾರ

ಅರ್ಧ ವರ್ಷ. ಅಪ್ಪನ ಫೋಟೊ ಇರುವ ಹೊಸ ಸ್ಮರಣಪತ್ರ ಗೇಟಿಗೆ ಅಂಟಿಸಿದೆವು. ಅಮ್ಮ ಒಂದನ್ನು ಶೆಡ್ಡಿನ ಬಾಗಿಲಿಗೂ ಅಂಟಿಸಿದಳು.

ಸ್ಮಶಾನಕ್ಕೆ ಒಗ್ನ್ಯಾನ್ ಕಾರಿನಲ್ಲಿ ಹೋಗುವುದೆಂದಿತ್ತು. ಅಮ್ಮ ಸಿವ್ಚೊನ ಕೀಲಿ ಹಿಡಿದು ನಿಂತಳು. ಕೊನೇ ಸಲ ಅವರಿಗೆ ಇದನ್ನ ತೋರಿಸಿ ಬರೋಣ ಅಂದಳು. ಯಾರು ವಾದ ಮಾಡುತ್ತಾರೆ. ನಾನು ಪಕ್ಕ ಕೂತೆ. ಮಡಿಲಲ್ಲಿ ಸಮಾಧಿಗೆಂದು ಬೇಯಿಸಿದ ಗೋಧಿ, ವೈನ್.

ಕಣ್ಣು ದೀಪದ ಮೇಲೇ ಇಟ್ಟಿದ್ದೆ. ಕಂಡದ್ದನ್ನು ಕಂಡ ಹಾಗೇ ಬರೆದಿಡುತ್ತೇನೆ:

ಮನೆ ಮುಂದೆ ಐಡ್ಲಿಂಗ್, ದೀಪ ಇಲ್ಲ. ಸೇತುವೆ ಹತ್ತಿರ ಸಿಗ್ನಲ್, ಎಂಜಿನ್ ಚೆನ್ನಾಗಿ ಕಾದಿತ್ತು, ನಿಂತೇ ಇದ್ದೆವು, ದೀಪ ಇಲ್ಲ. ಸ್ಮಶಾನದ ಏರು, ಅಮ್ಮ ಎರಡನೇ ಗೇರಿನಲ್ಲಿ ಒತ್ತಿದಳು, ಎಂಜಿನ್ ಜೋರಾಯಿತು, ಅರ್ಧಕ್ಕೆ ದೀಪ ಮಿನುಗಿತು. ಅಮ್ಮನ ಕೈ ನನಗಿಂತ ಮೊದಲು ಕೀಲಿಗೆ ಹೋಗಿತ್ತು. ಆಫ್. ಬದಿಗೆ ನಿಂತೆವು. ಅವಳು ಒಂದು ಪ್ರಾರ್ಥನೆ ಹೇಳುವಷ್ಟು ಹೊತ್ತು. ಮತ್ತೆ ಸ್ಟಾರ್ಟ್. ದೀಪ ಇಲ್ಲ. ನಿಧಾನ ಮೇಲಕ್ಕೆ ಹೋದೆವು.

ಸವೆದ ಬೇರಿಂಗ್ ಹೀಗೆ ಮಾಡುವುದಿಲ್ಲವಲ್ಲ? ಅದು ಎಂಜಿನ್ ಬಿಸಿಯಾಗಿ ನಿಂತಾಗ ದೀಪ ಹತ್ತಿಸಬೇಕು, ಓಡುವಾಗ ಆರಿಸಬೇಕು. ಇದು ತಿರುಗುಮುರುಗು. ಹೆಚ್ಚು ಎಳೆದಾಗ ಪ್ರೆಶರ್ ಬೀಳುತ್ತದೆ, ಬಿಟ್ಟರೆ ಸುಧಾರಿಸುತ್ತದೆ.

ಇಂಥದ್ದನ್ನು ಎಲ್ಲೋ ನೋಡಿದ್ದೇನೆ.

ಮೇ 17

ಪಂಪ್‌ಹೌಸಿನಲ್ಲೇ ನೋಡಿದ್ದು. ಪ್ರತಿ ಅಕ್ಟೋಬರಿನಲ್ಲಿ. ನೀರೆಳೆಯುವ ಬಾಯಿಯ ಜಾಲರಿಗೆ ಬೀಚ್ ಮರದ ಎಲೆ ಮೆತ್ತಿಕೊಂಡಾಗ ಮೀಟರು ಹೀಗೇ ಆಡುತ್ತದೆ. ಕಡಿಮೆ ಎಳೆದರೆ ಸರಿ. ಹೆಚ್ಚು ಎಳೆದರೆ ಪ್ರೆಶರ್ ಬೀಳುತ್ತದೆ. ಪಂಪ್ ನಿಲ್ಲಿಸಿದರೆ ಎಲೆ ಉದುರಿ ಮತ್ತೆ ಸರಿ.

ತ್ಸಾಂಕೊ ಮನೆಗೆ ಹೋಗಿ ಹೇಳಿದೆ. ಬೀನ್ಸ್ ಬಿಡಿಸುತ್ತಿದ್ದರು. ಬೀನ್ಸ್ ಬಿಡಿಸುವುದು ನಿಂತಿತು.

"ಏರಲ್ಲೇ ಹತ್ತತ್ತೆ ಅಂತ ಮೊದಲೇ ಹೇಳ್ಬಾರ್ದಾ?"

ಹೇಳಿದ್ದೆವು, ದಿಬ್ಬದಲ್ಲಿ ಎಂದು. ನೀವು ಬಾನಿತ್ಸಾ ತಿನ್ನುತ್ತಿದ್ದಿರಿ ಅಂದೆ. ಹೌದು, ನಿಮ್ಮಮ್ಮನದೇ ತಪ್ಪು, ಅಷ್ಟು ಚೆನ್ನಾಗಿ ಮಾಡಬಾರದು ಅಂದರು.

ಮೇ 20, ಮಂಗಳವಾರ

ತ್ಸಾಂಕೊ ಡಿಪೋದಿಂದ ಪ್ರೆಶರ್ ತೋರಿಸುವ ಗೇಜ್ ಎರವಲು ತಂದಿದ್ದರು. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಅದರ ಪೈಪ್ ಕೂರಿಸಿದರು. ಎಂಜಿನ್ ಕಾಯುವವರೆಗೆ ಕಾದೆವು. ಐಡ್ಲಿಂಗ್‌ನಲ್ಲಿ ಮುಳ್ಳು ಒಂದೂವರೆಯ ಮೇಲೆ. ಈ ವಯಸ್ಸಿಗೆ ಬಹಳ ಒಳ್ಳೆಯದು ಅಂದರು. ಅಮ್ಮ ಆಕ್ಸಿಲರೇಟರ್ ಒತ್ತಿದಳು. ಮುಳ್ಳು ನಾಲ್ಕರ ಹತ್ತಿರ ಹೋಯಿತು. ಒತ್ತಿ ಹಿಡಿ ಅಂದರು. ಹಿಡಿದಳು. ಮುಳ್ಳು ಸ್ವಲ್ಪ ಹೊತ್ತು ನಿಂತು... ಇಳಿಯತೊಡಗಿತು. ಮೂರು. ಎರಡು. ಒಂದಕ್ಕಿಂತ ಕೆಳಗೆ.

"ಸಾಕು, ಆಫ್ ಮಾಡು ನೇದಕ್ಕ," ಅಂದರು ಅಮ್ಮನಿಗೆ.

ಅವರು ಹೇಳುವ ಮೊದಲೇ ಆಫ್ ಆಗಿತ್ತು.

ತ್ಸಾಂಕೊ ಗೇಜನ್ನೇ ನೋಡುತ್ತ ನಿಂತರು. ಬೇರಿಂಗ್ ಹೋಗಿದ್ದರೆ ಐಡ್ಲಿಂಗ್‌ನಲ್ಲಿ ಅಷ್ಟು ನಿಲ್ಲುತ್ತಿರಲಿಲ್ಲ. ಎಂಜಿನ್ ಮುದಿಯಾಗಿಲ್ಲ, ಅದಕ್ಕೆ ಗಂಟಲು ಕಟ್ಟಿದೆ. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ, ಆಯಿಲ್ ಪಂಪಿನ ಬಾಯಿಯ ಜಾಲರಿ ನೋಡಬೇಕು ಅಂದರು.

ಆದರೆ ಒಂದು ಮಾತು ಅಂದರು, ನನ್ನೊಬ್ಬಳಿಗೇ, ಗೇಟಿನ ಹತ್ತಿರ. ಎಷ್ಟು ದಿನದಿಂದ ಹೀಗೆ ಹಸಿದು ಓಡಿದೆಯೋ. ಜಾಲರಿ ತೊಳೆದರೂ, ಈ ನಡುವೆ ಬೇರಿಂಗ್ ಸುಟ್ಟಿದ್ದರೆ ಏನೂ ಮಾಡಲಾಗದು. ಬಿಚ್ಚಿದ ಮೇಲೇ ಗೊತ್ತಾಗುವುದು.

ಅಮ್ಮನಿಗೆ ಹೇಳಲಿಲ್ಲ. ಗುಜರಿಯವನಿಗೆ ಬೇಡ ಎಂದೂ ಹೇಳಿಲ್ಲ.

ಮೇ 24, ಶನಿವಾರ

ಅಕ್ಷರಗಳ ಹಬ್ಬ. ಚೌಕದಲ್ಲಿ ಶಾಲೆಗಳ ಬ್ಯಾಂಡು. ಈ ದಿನವೇ ಬಿಚ್ಚಬೇಕಿತ್ತು, ಆಗಲಿಲ್ಲ. ತ್ಸಾಂಕೊ ಅವರ ಶೆಡ್ಡಿನಲ್ಲಿ ಕಾರಿನ ಕೆಳಗೆ ಇಳಿದು ಕೆಲಸ ಮಾಡಲು ಗುಂಡಿಯಿದೆ. ಆ ಗುಂಡಿಯ ತುಂಬ ಅವರ ಹೆಂಡತಿಯ ಎಲೆಕೋಸು ಉಪ್ಪಿನಕಾಯಿ ಜಾಡಿಗಳು. ಕಾರು ರಿಪೇರಿಗೆಂದು ತೋಡಿದ ಗುಂಡಿ, ಇಪ್ಪತ್ತು ವರ್ಷದಿಂದ ಎಲೆಕೋಸಿನ ಪಾಲು. ಜಾಡಿಗಳನ್ನು ಎಲ್ಲಿಡುವುದು ಎಂದು ಗಂಡ ಹೆಂಡಿರು ಮಾತು ಬಿಟ್ಟಿದ್ದಾರೆ.

ಗಿನಾ ಚಿಕ್ಕಮ್ಮನ ಫೋನ್. ಹೂ ಭರ್ತಿ ಬಂದಿದೆ. ಈ ಸಲ ತಂಪಿದೆ, ಜೂನ್ ಹತ್ತರವರೆಗೆ ಇರಬಹುದು. ನೇದಾ ಯಾವಾಗ ಬರುತ್ತಾಳೆ?

ನೋಡೋಣ ಅಂದಳು ಅಮ್ಮ.

ಮೇ 31, ಶನಿವಾರ

ಬಿಚ್ಚಿದೆವು.

ಗುಂಡಿಯ ಜಾಡಿಗಳು ಕೊನೆಗೂ ಹೊರಬಂದಿದ್ದವು, ಬೆಳಿಗ್ಗೆಯಿಂದಲೇ ಕೆಲಸ. ಚೇಂಬರ್ ಹೊರಬರಬೇಕಾದರೆ ಎಂಜಿನನ್ನು ಒಂದಿಷ್ಟು ಮೇಲಕ್ಕೆತ್ತಬೇಕು. ಅಡ್ಡ ಮರದ ತೊಲೆ, ಸರಪಳಿ. ಒಗ್ನ್ಯಾನ್ ಬಂದಿದ್ದ, ಕರೆಯದೆ. ತೋಳು ಮಡಿಸಿದ. ಅಪ್ಪ ಈ ಚೇಂಬರನ್ನು ಒಮ್ಮೆಯೂ ಬಿಚ್ಚಿದವನಲ್ಲ ಅಂದ. ಬಿಚ್ಚಿದರೆ ಹೊಸ ಪ್ಯಾಕಿಂಗ್ ಕೊಳ್ಳಬೇಕಲ್ಲ.

ಅಮ್ಮ ಗುಂಡಿಯ ಅಂಚಿಗೆ ಸ್ಟೂಲ್ ಹಾಕಿಕೊಂಡು ಕೂತಳು. ಆಸ್ಪತ್ರೆಯ ಪಡಸಾಲೆಯಲ್ಲಿ ಕೂರುವ ಹಾಗೆ.

ಚೇಂಬರ್ ಇಳಿಯಿತು. ತ್ಸಾಂಕೊ ಗುಂಡಿಯಿಂದ ಕೈ ಎತ್ತಿ ಜಾಲರಿ ತೋರಿಸಿದರು. ಜಾಲರಿ ಕಾಣಲೇ ಇಲ್ಲ. ಕಪ್ಪು ಉಣ್ಣೆಯ ಟೋಪಿ ಹಾಕಿದ ಹಾಗಿತ್ತು.

ಇಲಿಗೂಡು ಅಂದ ಒಗ್ನ್ಯಾನ್. ಎಂಜಿನ್ ಒಳಗೆ ಎಲ್ಲಿಯ ಇಲಿ. ತ್ಸಾಂಕೊ ಬೆರಳಲ್ಲಿ ಎಳೆದರು. ಎಳೆ ಎಳೆಯಾಗಿ ಬಂತು. ದಾರ. ಹೊಸೆದ ದಾರ. ಚೇಂಬರಿನ ತಳದ ಕೆಸರಿನಲ್ಲೂ ಅದೇ. ತೀರ ಮೇಲಿದ್ದ ಒಂದನ್ನು ಪೆಟ್ರೋಲಿನಲ್ಲಿ ಅದ್ದಿ ಬಟ್ಟೆಗೆ ಒರೆಸಿದರು. ಅರ್ಧ ಕೆಂಪು. ಅರ್ಧ ಬಿಳಿ.

ಅಮ್ಮ ಕೈ ಚಾಚಿ ಅದನ್ನು ಇಸಿದುಕೊಂಡಳು.

ನಡೆದದ್ದು ಇಷ್ಟು. ಕನ್ನಡಿಗೆ ಕಟ್ಟಿದರೆ ತೂಗಾಡಿ ರಸ್ತೆ ಮರೆಯಾಗುತ್ತದೆ ಎಂದು ಅಪ್ಪ ಬಿಡುತ್ತಿರಲಿಲ್ಲ. ಮನೆಯ ಎಲ್ಲರಿಗೂ, ಆಡಿಗೂ, ಬಾಗಿಲ ಚಿಲಕಕ್ಕೂ ಮಾರ್ಚ್ ದಾರವಿದೆ. ಕಾರಿಗೆ ಮಾತ್ರ ಇಲ್ಲವೆಂದರೆ? ಅದಕ್ಕೇ ಅಮ್ಮ ಡಿಪ್‌ಸ್ಟಿಕ್ಕಿನ ಕುತ್ತಿಗೆಗೆ ಕಟ್ಟಿದಳು. ಪ್ರತಿ ಭಾನುವಾರ ಅವನು ಎಳೆದು ನೋಡುವ ಕಡ್ಡಿ ಅದು, ಕಣ್ಣಿಗೆ ಬೀಳುತ್ತದೆ. ಪ್ರತಿ ವರ್ಷ ಕಟ್ಟಿದಳು. ಕಡ್ಡಿ ತೂರುವ ತೂತಿನ ರಬ್ಬರ್ ಮುಚ್ಚಳ ಎಂದೋ ಹೋಗಿತ್ತು. ಅಪ್ಪ ಕಡ್ಡಿ ಎಳೆದು, ಒರೆಸಿ, ಒತ್ತುತ್ತಿದ್ದ. ದಾರ ಜಾರಿ ಕಡ್ಡಿಯ ಜೊತೆ ಒಳಗೆ ಹೋಗುತ್ತಿತ್ತು. ಈ ವರ್ಷ ಹಾಗೆ ಒತ್ತಿದವಳು ಅಮ್ಮ.

ಕೊಕ್ಕರೆ ಕಂಡ ದಿನ ದಾರ ಬಿಚ್ಚಿ ಹಣ್ಣಿನ ಮರಕ್ಕೆ ಕಟ್ಟಬೇಕು. ಅಮ್ಮ ನೋಡಿದರೆ ಕಡ್ಡಿಯಲ್ಲಿ ದಾರ ಇರುತ್ತಿರಲಿಲ್ಲ. ಅವನೇ ಮರಕ್ಕೆ ಕಟ್ಟಿದ್ದಾನೆ ಅಂದುಕೊಂಡಳು. ದಾರ ಎಲ್ಲಿ ಎಂದು ಕೇಳಿದರೆ ಅಪ್ಪ ಪ್ರತಿ ವರ್ಷವೂ ಒಂದೇ ಉತ್ತರ ಕೊಡುತ್ತಿದ್ದ: "ಕೊಕ್ಕರೆ ಒಯ್ತು." ಅವಳೇ ಬಿಚ್ಚಿ ಮರೆತು ಕೇಳುತ್ತಿದ್ದಾಳೆ ಎಂದು ಅವನು ಅಂದುಕೊಂಡಿರಬೇಕು. ಬಿಚ್ಚಿದವರು ಇಬ್ಬರೂ ಅಲ್ಲ.

ಇಷ್ಟು ವರ್ಷ ಸುಮ್ಮನಿದ್ದದ್ದು ಈಗೇಕೆ? ತ್ಸಾಂಕೊ ಒಗ್ನ್ಯಾನ್ ಕಡೆ ನೋಡಿದರು. ಚಳಿಗಾಲಕ್ಕೆ ಮೊದಲು ಹೊಸ ನಮೂನೆಯ ಆಯಿಲ್ ಹಾಕಿದವನು ಅವನು, ಪ್ರೀತಿಯಿಂದ, ಅಂಗಡಿಯಲ್ಲಿದ್ದ ಅತ್ಯುತ್ತಮದ್ದು. ಆ ಆಯಿಲ್ ಸಾಬೂನಿನ ಹಾಗೆ. ತಳದಲ್ಲಿ ಮಲಗಿದ್ದನ್ನೆಲ್ಲ ಎಬ್ಬಿಸಿತು. ಒಗ್ನ್ಯಾನ್ ಕಿವಿ ಕೆಂಪಾಯಿತು.

ಅಮ್ಮ ಸ್ಟೂಲಿನಿಂದ ಏಳಲಿಲ್ಲ.

"ಹಾಗಾದ್ರೆ ಕೊಕ್ಕರೆ ಒಯ್ದಿಲ್ಲ," ಅಂದಳು. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅವರ ಕಾರಿನ ಗಂಟಲಿಗೆ ನಾನೇ ಉಣ್ಣೆ ತುರುಕಿದ್ದು."

ತ್ಸಾಂಕೊ ಒಂದು ಬೇರಿಂಗಿನ ಕ್ಯಾಪ್ ಬಿಚ್ಚತೊಡಗಿದರು. ಮುಂದಿನ ಶನಿವಾರ ಲಾರಿ. ಎರಡು ನಟ್ಟು ಸಡಿಲಿಸುವುದಕ್ಕೆ ಇಷ್ಟು ಹೊತ್ತು ಬೇಕೆ. ಬಟ್ಟಲಿನ ಅರ್ಧದಂಥ ತುಂಡನ್ನು ಬೆಳಕಿಗೆ ಹಿಡಿದರು. ಬೂದು ಬಣ್ಣ, ನುಣುಪು. ಗೀರಿಲ್ಲ. ಸುಟ್ಟ ಗುರುತಿಲ್ಲ. ಉಗುರಿನಿಂದ ಎಳೆದು ನೋಡಿದರು. ಅಮ್ಮನ ಅಂಗೈಗೆ ಹಾಕಿದರು.

"ನೋಡು ನೇದಕ್ಕ. ಬೇರೆಯವರಾಗಿದ್ರೆ ಮನೆ ಮುಟ್ಟಿಬಿಡೋಣ ಅಂತ ಓಡಿಸಿರೋರು, ಇದು ಕರಗಿಹೋಗಿರೋದು. ನೀನು ದೀಪ ಮಿನುಗಿದ ಕೂಡ್ಲೇ ಆಫ್ ಮಾಡ್ದೆ, ಉಳೀತು. ಆ ಕೈಚಳಕ ಎಲ್ಲಿ ಕಲ್ತೆ?"

ಅಮ್ಮ ಆ ತುಂಡನ್ನು ಹೆಬ್ಬೆರಳಿಂದ ಸವರುತ್ತಿದ್ದಳು.

"ಇಳಿಜಾರಲ್ಲಿ," ಅಂದಳು.

ಜೂನ್ 1, ಭಾನುವಾರ

ಅಮ್ಮ ದಾರಗಳನ್ನು ಪೆಟ್ರೋಲಿನಲ್ಲಿ ತೊಳೆದಳು, ಆಮೇಲೆ ಸಾಬೂನಿನಲ್ಲಿ. ಹಳೆಯವು ಕಪ್ಪೇ. ಒಂದೆರಡು ಬೂದು. ಈ ವರ್ಷದ್ದೊಂದೇ ಬಣ್ಣ ಉಳಿಸಿಕೊಂಡಿದೆ. ಎಲ್ಲವನ್ನೂ ಹಿತ್ತಿಲ ಪ್ಲಮ್ ಮರಕ್ಕೆ ಕಟ್ಟಿದಳು. ಕಾಯಿ ಆಗಲೇ ಗೋಲಿ ಗಾತ್ರ. ಕೊಕ್ಕರೆಗಳು ಬಂದು, ಮೊಟ್ಟೆ ಇಟ್ಟು, ಮರಿ ಮಾಡಿದ್ದಾಗಿದೆ.

ಜೂನ್‌ನಲ್ಲಿ ಇದೇನು ಎಂದು ಪಕ್ಕದ ಮನೆಯವಳು ಬೇಲಿಯ ಆಚೆಯಿಂದ ಕೇಳಿದಳು. ಕೊಕ್ಕರೆ ತಡವಾಗಿ ಬಂತು ಅಂದಳು ಅಮ್ಮ.

ಜೂನ್ 2, ಸೋಮವಾರ

ಚೇಂಬರ್ ಮತ್ತೆ ಕೂರಿಸಿದರು. ಹೊಸ ಪ್ಯಾಕಿಂಗ್. ಡಿಪ್‌ಸ್ಟಿಕ್ಕಿಗೆ ಹೊಸ ರಬ್ಬರ್ ಮುಚ್ಚಳ, ಒಗ್ನ್ಯಾನ್ ತಂದುಕೊಟ್ಟದ್ದು. ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ — ಮಡಿದವರ ದಿನ. ನಾವೆಲ್ಲ ನಿಂತಲ್ಲೇ ನಿಂತೆವು. ತ್ಸಾಂಕೊ ಗುಂಡಿಯಲ್ಲಿ ಸ್ಪ್ಯಾನರ್ ಎತ್ತಿ ಹಿಡಿದವರು ಹಾಗೇ ನಿಂತರು. ಮೂಗಿನ ಮೇಲೆ ಆಯಿಲ್ ತೊಟ್ಟಿಕ್ಕುತ್ತಿದ್ದರೂ ಅಲುಗಲಿಲ್ಲ.

ಸೈರನ್ ನಿಂತಿತು. ಮೂಗು ಒರೆಸಿಕೊಂಡರು. ಸ್ಟಾರ್ಟ್.

ಗೇಜ್: ಮೊದಲಿನ ಹಾಗೇ ನಾಲ್ಕು. ಅಮ್ಮ ಒತ್ತಿ ಹಿಡಿದಳು. ಮುಳ್ಳು ಇಳಿಯಲಿಲ್ಲ. ಸಾಕು ಅಂದರೂ ಬಿಡದೆ ಹಿಡಿದಳು.

ಜೂನ್ 5, ಗುರುವಾರ

ಒಗ್ನ್ಯಾನ್ ಗುಜರಿಯವನಿಗೆ ಬೇಡ ಅಂದ. ನನಗೆ ಹೇಳಿದ್ದು ಅವನಲ್ಲ, ಅವನ ಹೆಂಡತಿ.

ಸಂಜೆ ಅಮ್ಮ, ನಾನು ಕಣಿವೆಯ ಕಡೆ ಮೊದಲ ತಿರುವುಗಳವರೆಗೆ ಹೋಗಿ ಬಂದೆವು. ಎರಡನೇ ಗೇರ್, ಇಡೀ ಏರು. ದೀಪ ಇಲ್ಲ. ಹಿಂದಿರುಗುವಾಗ ಇಳಿಜಾರು ಶುರುವಾದಲ್ಲಿ ಅವಳ ಕೈ ಕೀಲಿಗೆ ಹೋಯಿತು. ಅಲ್ಲೇ ಸ್ವಲ್ಪ ನಿಂತಿತು. ವಾಪಸ್ ಸ್ಟೀರಿಂಗಿಗೆ ಬಂತು.

ಎಂಜಿನ್ ಓಡುತ್ತಲೇ ಇಳಿದೆವು. ಇಷ್ಟು ಸದ್ದು ಮಾಡುತ್ತದೆಂದು ಗೊತ್ತೇ ಇರಲಿಲ್ಲ ಅಂದಳು.

ಜೂನ್ 6, ಶುಕ್ರವಾರ

ಹೂ ಇನ್ನೂ ಇದೆ. ಗಿನಾ ಚಿಕ್ಕಮ್ಮ ಮಧ್ಯಾಹ್ನ ಹೇಳಿದಳು. ಕೆಳಗಿನ ಹೊಲ ಮುಗಿದಿದೆ, ಮೇಲಿನ ಸಾಲುಗಳು ಉಳಿದಿವೆ.

ಖಾಲಿ ಜಾಡಿಗಳನ್ನು ಹಿಂದಿನ ಸೀಟಿನ ಕೆಳಗೆ ಇಟ್ಟಾಯಿತು. ಆಯಿಲ್ ಮೇಲಿನ ಗೆರೆಗೆ. ಹೊರಡುವಾಗ ಒಳ್ಳೆಯದಾಗಲೆಂದು ಕಾರಿನ ಮುಂದೆ ನೀರು ಚೆಲ್ಲಲು ತ್ಸಾಂಕೊ ಬರುತ್ತಾರೆ. ಒಗ್ನ್ಯಾನ್ ತಾನೂ ಬರುತ್ತೇನೆ ಅಂದಿದ್ದಾನೆ, ಹಿಂದೆ ಕೂರುತ್ತಾನೆ.

ನಾಳೆ ಬೆಳಿಗ್ಗೆ ನಾಲ್ಕಕ್ಕೆ ಹೊರಡುವುದು. ಓಡಿಸುವವಳು ಅಮ್ಮ.